ಸರಪಳಿಯ ಮೇಲಿನ ಕೊಂಡಿ

ಬೆಳಗ್ಗೆ ಏಳು ಗಂಟೆ. ಬಿಡದಿ ಕೈಗಾರಿಕಾ ಪ್ರದೇಶದ ರಸ್ತೆಯನ್ನು ನೋಡಿ. ಒಂದರ ಹಿಂದೆ ಒಂದು ಕಂಪನಿ ಬಸ್ಸು ಬರುತ್ತದೆ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಎಲ್ಲ ಕಡೆಯಿಂದಲೂ ಜನ ಇಳಿಯುತ್ತಾರೆ. ಕೈಯಲ್ಲಿ ಊಟದ ಡಬ್ಬಿ. ಕೊರಳಲ್ಲಿ ಗುರುತಿನ ಚೀಟಿ. ಕಾಲಿನಲ್ಲಿ ಅವಸರ.

ಇವರಲ್ಲಿ ಕೆಲವರು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೂ ಬರುತ್ತಾರೆ. ನಾನು ಹಗಲು ಶಾಲೆಯಲ್ಲಿ ಟೀಚರ್. ಸಂಜೆ ಇವರ ಜೊತೆ ಕೂತು ಅಕ್ಷರ ಕಲಿಸುತ್ತೇನೆ.

ಒಂದು ಸಂಜೆ ಒಬ್ಬ ಅಕ್ಕ ತನ್ನ ನೋಟ್‌ಬುಕ್ಕಿನಲ್ಲಿ ಏನೋ ಬರೆದು ತೋರಿಸಿದರು. ಅದು ಕನ್ನಡ ಅಕ್ಷರ ಅಲ್ಲ. ನೆನಪಿನಿಂದ ಚಿತ್ರದ ಹಾಗೆ ಬರೆದದ್ದು. ಅವರು ಗಾರ್ಮೆಂಟ್ಸಿನಲ್ಲಿ ಟೈಲರ್.

"ಟೀಚರ್, ದಿನಾ ನೂರಾರು ಅಂಗಿ ಕೊರಳಿಗೆ ಈ ಪಟ್ಟಿ ಹೊಲೀತೀನಿ. ಇದ್ರಲ್ಲಿ ಏನ್ ಬರ್ದೈತೆ ಅಂತ ಇವತ್ತಿಗೂ ಗೊತ್ತಿಲ್ಲ. ಓದಿ ಹೇಳಿ" ಅಂದರು.

ನಾನು ಓದಿ ಹೇಳಿದೆ. ಅದು ದೂರದ ದೇಶದ ಒಂದು ಬಟ್ಟೆ ಕಂಪನಿಯ ಹೆಸರು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಂಗಾದ್ರೆ ನಾನು ಯಾರ ಕೆಲ್ಸ ಮಾಡ್ತಿರೋದು? ಸಂಬ್ಳ ಕೊಡೋರು ಒಬ್ರು. ಅಂಗಿ ಮೇಲೆ ಹೆಸರು ಇನ್ನೊಬ್ರದು. ನಮ್ ಕಷ್ಟ ಯಾರ್‍ನ ಕೇಳ್ಬೇಕು?"

ಈ ಪಾಠ ಆ ಅಕ್ಕನ ಪ್ರಶ್ನೆಗೆ ಉತ್ತರ.

ಸರಪಳಿ ಅಂದರೆ ಏನು?

ನಮ್ಮ ಕಡೆಯವರಿಗೆ ರೇಷ್ಮೆ ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ಒಂದು ರೇಷ್ಮೆ ಸೀರೆ ಇದೆ. ಅದು ಎಲ್ಲಿಂದ ಬಂತು? ಹಿಂದಕ್ಕೆ ಹೋಗಿ ನೋಡೋಣ.

ಅಂಗಡಿಯವರು ಸೀರೆಯನ್ನು ನೇಕಾರರಿಂದ ತಂದರು. ನೇಕಾರರು ಹುರಿ ಮಾಡಿದ ನೂಲು ತಂದರು. ಹುರಿ ಮಾಡುವವರು ನೂಲು ಬಿಚ್ಚುವವರಿಂದ ತಂದರು. ನೂಲು ಬಿಚ್ಚುವವರು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಗೂಡು ಕೊಂಡರು. ಆ ಗೂಡು ತಂದವರು ಹಿಪ್ಪುನೇರಳೆ ಬೆಳೆದು ಹುಳ ಸಾಕಿದ ರೈತರು.

ನೋಡಿ, ಒಂದು ಕೈಯಿಂದ ಇನ್ನೊಂದು ಕೈಗೆ ಮಾಲು ದಾಟುತ್ತಾ ಹೋಯಿತು. ಒಂದು ಕೊಂಡಿಗೆ ಇನ್ನೊಂದು ಕೊಂಡಿ ಸೇರಿದ ಹಾಗೆ. ಇದಕ್ಕೇ ಸರಬರಾಜು ಸರಪಳಿ ಎಂದು ಹೆಸರು.

ಬಿಡದಿಯಲ್ಲಿ ತಯಾರಾಗುವ ಕಾರಿಗೂ ಇಂಥದೇ ಸರಪಳಿ ಇದೆ. ಟೊಯೊಟ ಕಿರ್ಲೋಸ್ಕರ್ ಕಂಪನಿ ಶುರುವಾದದ್ದು 1997ರಲ್ಲಿ. 1999ರ ಕೊನೆಗೆ ಬಿಡದಿ ಕಾರ್ಖಾನೆಯಲ್ಲಿ ವಾಹನ ತಯಾರಿಕೆ ಆರಂಭವಾಯಿತು. ಒಂದು ಕಾರಿಗೆ ಸಾವಿರಾರು ಬಿಡಿಭಾಗ ಬೇಕು. ಎಲ್ಲವನ್ನೂ ಒಂದೇ ಕಾರ್ಖಾನೆ ಮಾಡುವುದಿಲ್ಲ. ಸೀಟು ಒಬ್ಬರು ಮಾಡುತ್ತಾರೆ. ವೈರು ಇನ್ನೊಬ್ಬರು. ಬೋಲ್ಟು ಮತ್ತೊಬ್ಬರು. ಆ ಬೋಲ್ಟು ಮಾಡುವ ಶೆಡ್ಡಿಗೆ ಆಳು ಕಳಿಸುವ ಕಂಟ್ರಾಕ್ಟರ್ ಬೇರೆ.

ಕೊನೆಯಲ್ಲಿ ಕಾರಿನ ಮುಂದೆ ಕಾಣುವುದು ಒಂದೇ ಹೆಸರು.

ಕೆಳಗಿನ ಕೊಂಡಿ ಕಾಣುವುದಿಲ್ಲ

2020ರ ನವೆಂಬರ್‌ನಲ್ಲಿ ಬಿಡದಿಯ ಆ ಕಾರು ಕಾರ್ಖಾನೆಯಲ್ಲಿ ಜಗಳ ಬಂತು. ಕೆಲಸದ ಒತ್ತಡ ಜಾಸ್ತಿ ಎಂದು ಕಾರ್ಮಿಕ ಸಂಘ ಹೇಳಿತು. ಕಾರ್ಮಿಕರು ಶಿಸ್ತು ಮುರಿದರು ಎಂದು ಆಡಳಿತದವರು ಹೇಳಿದರು. ಲಾಕ್‌ಔಟ್ ಆಯಿತು. ವಿವಾದ 2021ರವರೆಗೂ ಎಳೆಯಿತು. ಪತ್ರಿಕೆಯಲ್ಲಿ ದಿನಾ ಸುದ್ದಿ ಬಂತು. ಸರ್ಕಾರ ನಡುವೆ ಬಂದು ಮಾತಾಡಿತು.

ಅಷ್ಟು ಸುದ್ದಿ ಯಾಕೆ ಆಯಿತು? ಅಲ್ಲಿ ದೊಡ್ಡ ಹೆಸರು ಇತ್ತು. ಸಾವಿರಾರು ಜನರ ಸಂಘ ಇತ್ತು. ಆದರೆ ಬೋಲ್ಟು ಮಾಡುವ ಶೆಡ್ಡಿನಲ್ಲಿ ಹತ್ತು ಜನರನ್ನು ತೆಗೆದು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ಸರಪಳಿಯಲ್ಲಿ ಕೆಳಕ್ಕೆ ಹೋದಷ್ಟೂ ಕತ್ತಲೆ ಜಾಸ್ತಿ.

ರೇಷ್ಮೆಯಲ್ಲೂ ಹೀಗೇ ಆಗಿತ್ತು. 1990ರ ದಶಕದಲ್ಲಿ ನಮ್ಮ ಕಡೆಯ ನೂಲು ಬಿಚ್ಚುವ, ಹುರಿ ಮಾಡುವ ಕಡೆಗಳಲ್ಲಿ ಚಿಕ್ಕ ಮಕ್ಕಳು ದುಡಿಯುತ್ತಿದ್ದರು. ಕೆಲವರ ಮನೆಯವರು ಮುಂಗಡ ತೆಗೆದುಕೊಂಡಿದ್ದರು. ಅದು ತೀರುವ ತನಕ ಮಗು ಅಲ್ಲಿಂದ ಏಳುವ ಹಾಗಿರಲಿಲ್ಲ. ಬಿಸಿ ನೀರಿನಲ್ಲಿ ಕೈ ಅದ್ದಿ ಅದ್ದಿ ಬೊಕ್ಕೆ ಏಳುತ್ತಿತ್ತು. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ 1996ರಲ್ಲಿ ಮತ್ತು 2003ರಲ್ಲಿ ಇದರ ಬಗ್ಗೆ ವರದಿ ಮಾಡಿತು. ಆಗ ಹೊರಗಿನವರಿಗೂ ಗೊತ್ತಾಯಿತು.

ಸೀರೆ ಉಟ್ಟವರಿಗೆ ಆ ಮಗು ಕಾಣಲಿಲ್ಲ. ಸೀರೆ ಮಾರಿದವರಿಗೂ ಕಾಣಲಿಲ್ಲ. "ನಮಗೆ ಗೊತ್ತಿರಲಿಲ್ಲ" ಎನ್ನುವುದು ಸುಲಭ. ಆದರೆ ಗೊತ್ತು ಮಾಡಿಕೊಳ್ಳುವುದು ಯಾರ ಕೆಲಸ?

ಒತ್ತಡ ಮೇಲಿನಿಂದ ಇಳಿಯುತ್ತದೆ

ಈಗ ಆ ಅಕ್ಕನ ಗಾರ್ಮೆಂಟ್ಸಿಗೆ ಬರೋಣ.

ಪರದೇಶದ ಕಂಪನಿ ಆರ್ಡರ್ ಕೊಡುತ್ತದೆ. ಇವರನ್ನು ಬಯ್ಯರ್ ಎನ್ನುತ್ತಾರೆ. ಒಂದು ಅಂಗಿಗೆ ಇಷ್ಟೇ ದುಡ್ಡು, ಇಂಥ ತಾರೀಕಿಗೇ ಮಾಲು ಬೇಕು ಎಂದು ಬಯ್ಯರ್ ಹೇಳುತ್ತಾರೆ. ಇನ್ನೊಂದು ದೇಶದಲ್ಲಿ ಇನ್ನೂ ಕಡಿಮೆಗೆ ಮಾಡಿಕೊಡುತ್ತಾರೆ ಎಂದೂ ಹೇಳುತ್ತಾರೆ. ಕಾರ್ಖಾನೆ ಮಾಲೀಕರು ಒಪ್ಪುತ್ತಾರೆ.

ಆ ಒತ್ತಡ ಮ್ಯಾನೇಜರ್ ಮೇಲೆ ಬೀಳುತ್ತದೆ. ಮ್ಯಾನೇಜರ್‌ನಿಂದ ಸೂಪರ್‌ವೈಸರ್ ಮೇಲೆ. ಸೂಪರ್‌ವೈಸರ್‌ನಿಂದ ಲೈನಿನ ಮೇಲೆ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಏರುತ್ತದೆ. ನೀರು ಕುಡಿಯಲು ಹೋದರೆ ಬೈಗುಳ. ಶೌಚಕ್ಕೆ ಹೋದರೆ ಲೆಕ್ಕ. ಬಯ್ಯರ್ ಬೈಯುವುದಿಲ್ಲ. ಆದರೆ ಬಯ್ಯರ್ ಕೊಟ್ಟ ದರ ಮತ್ತು ತಾರೀಕು ಕೂಡ ಆ ಬೈಗುಳದ ಹಿಂದೆ ಇದೆ.

ಬಯ್ಯರ್ ಕಡೆಯವರು ತನಿಖೆಗೂ ಬರುತ್ತಾರೆ. ಇದಕ್ಕೆ ಆಡಿಟ್ ಎನ್ನುತ್ತಾರೆ. ಆ ದಿನ ಹೇಗಿರುತ್ತದೆ ಎಂದು ನಮ್ಮ ಕೇಂದ್ರದ ಇನ್ನೊಬ್ಬ ತಂಗಿ ಹೇಳಿದಳು.

"ಅವತ್ತು ನೋಡ್ಬೇಕು ಟೀಚರ್! ಶೌಚಾಲಯ ಪಳಪಳ ಅಂತೈತೆ. ಸೋಪು ಇಡ್ತಾರೆ. ಎಲ್ರಿಗೂ ಮಾಸ್ಕು ಕೊಡ್ತಾರೆ. ಕೇಳಿದ್ರೆ ಎಲ್ಲಾ ಚೆನ್ನಾಗೈತೆ ಅಂತ ಹೇಳಿ ಅಂತಾರೆ. ಅವ್ರು ಆ ಕಡೆ ಹೋಗಿದ್ದೇ ತಡ, ಸೋಪೂ ಹೋಗ್ತೈತೆ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವುದು ಇದಕ್ಕೇ. ವರ್ಷಕ್ಕೆ ಒಂದು ದಿನ ಬಂದು ಹೋದವರಿಗೆ ಏನು ಕಾಣುತ್ತದೆ? ವರ್ಷವಿಡೀ ಅಲ್ಲೇ ಇರುವವರು ಹೇಳಿದರೆ ಮಾತ್ರ ನಿಜ ಕಾಣುತ್ತದೆ.

ಹಾಗಾದರೆ ಹೊಣೆ ಯಾರದು?

2011ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಂದು ತೀರ್ಮಾನ ಮಾಡಿತು. ವ್ಯಾಪಾರ ಮತ್ತು ಮಾನವ ಹಕ್ಕುಗಳ ಬಗ್ಗೆ ಕೆಲವು ಮಾರ್ಗದರ್ಶಿ ತತ್ವಗಳನ್ನು ಒಪ್ಪಿತು. ಅದರಲ್ಲಿ ಮುಖ್ಯವಾದದ್ದು ಮೂರು ಮಾತು.

ಒಂದು: ಜನರ ಹಕ್ಕನ್ನು ಕಾಪಾಡುವುದು ಸರ್ಕಾರದ ಕರ್ತವ್ಯ.

ಎರಡು: ಜನರ ಹಕ್ಕನ್ನು ಗೌರವಿಸುವುದು ಕಂಪನಿಯ ಹೊಣೆ. ತನ್ನ ಗೇಟಿನ ಒಳಗೆ ಮಾತ್ರ ಅಲ್ಲ. ತನಗೆ ಮಾಲು ಕೊಡುವ ಕಾರ್ಖಾನೆಗಳಲ್ಲಿ ಏನಾಗುತ್ತಿದೆ ಎಂದೂ ನೋಡಬೇಕು.

ಮೂರು: ಅನ್ಯಾಯ ಆದವರಿಗೆ ಪರಿಹಾರ ಸಿಗುವ ದಾರಿ ಇರಬೇಕು.

ಇದು ಕಾನೂನು ಅಲ್ಲ, ಒಪ್ಪಿದ ಮಾತು. ಆದರೆ ಒಪ್ಪಿದ ಮಾತನ್ನು ತೋರಿಸಿ ಕೇಳಬಹುದು. ಕೆಲವು ದೇಶಗಳು ಕಾನೂನನ್ನೂ ಮಾಡಿದವು. ಫ್ರಾನ್ಸ್ 2017ರಲ್ಲಿ ಮಾಡಿತು. ಜರ್ಮನಿಯ ಕಾನೂನು 2023ರ ಜನವರಿ 1ರಂದು ಜಾರಿಗೆ ಬಂತು. 2024ರಲ್ಲಿ ಐರೋಪ್ಯ ಒಕ್ಕೂಟವೂ ಒಪ್ಪಿತು. 2025ರಲ್ಲಿ ಅದನ್ನು ಮುಂದೂಡಿ ಸಡಿಲ ಮಾಡುವ ಕೆಲಸವೂ ಶುರುವಾಯಿತು. ಕಾನೂನು ಬರುತ್ತದೆ, ಸಡಿಲವೂ ಆಗುತ್ತದೆ. ಕೇಳುವವರು ಇದ್ದರೆ ಮಾತ್ರ ಗಟ್ಟಿಯಾಗಿರುತ್ತದೆ.

ನಮ್ಮ ದೇಶದಲ್ಲಿ? 2019ರಲ್ಲಿ ಕೇಂದ್ರ ಸರ್ಕಾರ ಕಂಪನಿಗಳಿಗೆ 9 ತತ್ವಗಳನ್ನು ಕೊಟ್ಟಿತು. ಅದರಲ್ಲಿ 5ನೆಯದು ಮಾನವ ಹಕ್ಕನ್ನು ಗೌರವಿಸಬೇಕು ಎನ್ನುತ್ತದೆ. ಇದು ಸಲಹೆ.

ಆದರೆ ಒಂದು ವಿಷಯ ನಮ್ಮಲ್ಲಿ ಕಾನೂನೇ ಆಗಿದೆ. ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ, ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕರೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೀಗೆ ಹೇಳಿತ್ತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲೂ ಈ ಮಾತು ಇದೆ. "ನೀನು ಕಂಟ್ರಾಕ್ಟರ್ ಆಳು, ಅವನನ್ನೇ ಕೇಳು" ಎಂದು ತಳ್ಳಿ ಹಾಕುವ ಹಾಗಿಲ್ಲ. ಸರಪಳಿಯ ಮೇಲಿನ ಕೊಂಡಿಗೂ ಹೊಣೆ ಇದೆ ಎನ್ನುವುದು ನಮಗೆ ಹೊಸ ಮಾತಲ್ಲ.

ಪಟ್ಟಿಗಳು ಸಾಕ್ಷಿ ಹೇಳಿದವು

ಬಾಂಗ್ಲಾದೇಶದಲ್ಲಿ ಢಾಕಾ ಪಟ್ಟಣದ ಹತ್ತಿರ ರಾಣಾ ಪ್ಲಾಜಾ ಎಂಬ ಎತ್ತರದ ಕಟ್ಟಡ ಇತ್ತು. ಒಳಗೆ ಹಲವು ಗಾರ್ಮೆಂಟ್ಸ್. 2013ರ ಏಪ್ರಿಲ್ 23ರಂದು ಗೋಡೆ, ಕಂಬಗಳಲ್ಲಿ ಬಿರುಕು ಕಾಣಿಸಿತು. ಕೆಳಗಿದ್ದ ಬ್ಯಾಂಕಿನವರು ತಮ್ಮ ಜನರನ್ನು ಮನೆಗೆ ಕಳಿಸಿದರು. ಗಾರ್ಮೆಂಟ್ಸಿನವರು ಮಾತ್ರ ಮಾರನೇ ದಿನವೂ ಕೆಲಸಕ್ಕೆ ಕರೆದರು. ಆರ್ಡರ್ ಮುಗಿಸಬೇಕಿತ್ತು.

ಏಪ್ರಿಲ್ 24ರ ಬೆಳಗ್ಗೆ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಬಹಳ ಮಂದಿ ಹೆಣ್ಣುಮಕ್ಕಳು.

ಆಮೇಲೆ ಕೆಲವು ಕಂಪನಿಗಳು ನಮ್ಮ ಬಟ್ಟೆ ಅಲ್ಲಿ ಹೊಲಿಸಿಲ್ಲ ಎಂದವು. ಆಗ ಅಲ್ಲಿನ ಕಾರ್ಮಿಕ ಸಂಘಟನೆಯವರು ಕಲ್ಲುಮಣ್ಣಿನ ರಾಶಿಯಲ್ಲಿ ಹುಡುಕಿದರು. ಅಂಗಿಯ ಪಟ್ಟಿಗಳು ಸಿಕ್ಕವು. ಆರ್ಡರಿನ ಕಾಗದಗಳು ಸಿಕ್ಕವು. ಅದನ್ನು ಲೋಕಕ್ಕೆ ತೋರಿಸಿದರು. ಇಲ್ಲ ಎನ್ನುವುದು ಕಷ್ಟವಾಯಿತು.

ಮುಂದಿನ ತಿಂಗಳೇ ಒಂದು ಒಪ್ಪಂದ ಆಯಿತು. ಕಟ್ಟಡಗಳ ಸುರಕ್ಷತೆ ತಪಾಸಣೆಗೆ ಬಯ್ಯರ್ ಕಂಪನಿಗಳು ಸಹಿ ಹಾಕಿದವು. ಕಾರ್ಮಿಕ ಸಂಘಗಳೂ ಸಹಿ ಹಾಕಿದವು. ಮಾತಿಗೆ ತಪ್ಪಿದರೆ ಕೇಳುವ ಹಕ್ಕು ಸಂಘಗಳಿಗೆ ಬಂತು.

ಅಂಗಿಯ ಪಟ್ಟಿ ಒಂದು ಬೆರಳು ಅಗಲ. ಆದರೆ ಯಾರ ಕೆಲಸ, ಯಾರ ಹೊಣೆ ಎಂದು ಅದು ಹೇಳುತ್ತದೆ. ಅದನ್ನು ಓದಲು ಬರಬೇಕು ಅಷ್ಟೇ.

417 ರೂಪಾಯಿ 60 ಪೈಸೆ

ಈಗ ನಮ್ಮ ಕರ್ನಾಟಕದ ಕಥೆ ಕೇಳಿ.

ಅಕ್ಕಿ, ಬೇಳೆ, ಎಣ್ಣೆ ಬೆಲೆ ಏರುತ್ತದೆ. ಅದಕ್ಕೆ ತಕ್ಕಂತೆ ಕನಿಷ್ಠ ಕೂಲಿಯಲ್ಲಿ ತುಟ್ಟಿಭತ್ಯೆಯನ್ನೂ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಲೆಕ್ಕ ಹಾಕುತ್ತಾರೆ. 2020ರ ಏಪ್ರಿಲ್ 1ಕ್ಕೆ ಅದು ತಿಂಗಳಿಗೆ 417 ರೂಪಾಯಿ 60 ಪೈಸೆ ಏರಿತು. ದಿನಕ್ಕೆ ಸುಮಾರು 16 ರೂಪಾಯಿ.

ಅದು ಕೊರೊನಾ ಕಾಲ. ಮಾಲೀಕರು ಕಷ್ಟ ಎಂದರು. ಜುಲೈನಲ್ಲಿ ರಾಜ್ಯ ಸರ್ಕಾರ ಏರಿಕೆಯನ್ನು ಮುಂದಕ್ಕೆ ಹಾಕಿತು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟು, ಹೀಗೆ ಮುಂದಕ್ಕೆ ಹಾಕುವುದು ಸರಿಯಲ್ಲ, ಬಾಕಿ ಸಮೇತ ಕೊಡಬೇಕು ಎಂದಿತು.

ಆದರೂ ಬಹಳ ಗಾರ್ಮೆಂಟ್ಸ್ ಕೊಡಲಿಲ್ಲ. ವಿಷಯ ಇನ್ನೂ ಇತ್ಯರ್ಥ ಆಗಿಲ್ಲ ಎಂದರು. ತಿಂಗಳು ಕಳೆಯಿತು, ವರ್ಷ ಕಳೆಯಿತು. ರಾಜ್ಯದಲ್ಲಿ 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಈ ಹಣ ಬಾಕಿ ಬಿತ್ತು.

ನೀವೇ ಲೆಕ್ಕ ಹಾಕಿ. ಒಬ್ಬರಿಗೆ ಒಂದು ವರ್ಷಕ್ಕೆ 5,011 ರೂಪಾಯಿ 20 ಪೈಸೆ. 4 ಲಕ್ಷ ಜನಕ್ಕೆ ಒಂದೇ ತಿಂಗಳಿಗೆ 16 ಕೋಟಿ 70 ಲಕ್ಷ ರೂಪಾಯಿ. ಒಂದು ಮನೆಯಲ್ಲಿ ಅದು ಮಗುವಿನ ಶಾಲೆಯ ಖರ್ಚು. ಇನ್ನೊಂದು ಮನೆಯಲ್ಲಿ ಅತ್ತೆಯ ಔಷಧಿ.

ಇದು ಮುಂದೆ ಹೇಗೆ ಬದಲಾಯಿತು? ಕಾರ್ಮಿಕರು ಸಂಬಳದ ಚೀಟಿ ಇಟ್ಟುಕೊಂಡಿದ್ದರು. ಸಂಘದವರು ಅದನ್ನು ನೋಡಿ ಲೆಕ್ಕ ತೆಗೆದರು. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಸಂಸ್ಥೆಯೂ ಇದನ್ನು ಕೈಗೆತ್ತಿಕೊಂಡಿತು. ಆ ಸಂಸ್ಥೆ ಬಯ್ಯರ್ ಕಂಪನಿಗಳನ್ನು ಕೇಳಿತು. ನಿಮ್ಮ ಬಟ್ಟೆ ಹೊಲಿಯುವವರಿಗೆ ಕಾನೂನಿನ ಕೂಲಿ ಸಿಕ್ಕಿಲ್ಲ, ನೀವು ಏನು ಮಾಡುತ್ತೀರಿ ಎಂದಿತು. 2021ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಪತ್ರಿಕೆಯಲ್ಲೂ ಸುದ್ದಿ ಬಂತು. ಆಗ ಬಯ್ಯರ್‌ಗಳು ಕಾರ್ಖಾನೆಗಳನ್ನು ಕೇಳತೊಡಗಿದರು.

2022ರ ಆರಂಭದಲ್ಲಿ ದೊಡ್ಡ ಕಂಪನಿಯಾದ ಶಾಹಿ ಎಕ್ಸ್‌ಪೋರ್ಟ್ಸ್ ಬಾಕಿ ಸಮೇತ ಕೊಡಲು ಒಪ್ಪಿತು. ಬೇರೆ ದೊಡ್ಡ ಕಾರ್ಖಾನೆಗಳೂ ಒಪ್ಪಿದವು. ಹೆಚ್ಚುಕಡಿಮೆ ಎರಡು ವರ್ಷ ಕಾದ ಹಣ ಅದು.

ಕೋರ್ಟು ಹೇಳಿದರೂ ಅಲುಗಾಡದ ಕೆಲಸ, ಸರಪಳಿಯ ಮೇಲಿನ ಕೊಂಡಿಯನ್ನು ಹಿಡಿದು ಅಲುಗಾಡಿಸಿದಾಗ ಆಯಿತು. ಅಲುಗಾಡಿಸಿದ್ದು ಯಾವುದು? ಸಂಬಳದ ಚೀಟಿ.

ಶ್ರೀರಂಗಪಟ್ಟಣದ ಹೆಣ್ಣುಮಕ್ಕಳು

ಬಿಡದಿಯಿಂದ ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಶ್ರೀರಂಗಪಟ್ಟಣ. ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಒಂದು ಕಾರ್ಖಾನೆ ಇತ್ತು. ಸುಮಾರು 1,200 ಜನ ಕೆಲಸಗಾರರು. ಹೆಚ್ಚಿನವರು ಹೆಂಗಸರು. ಎಚ್ ಅಂಡ್ ಎಂ ಎಂಬ ಸ್ವೀಡನ್ ದೇಶದ ಕಂಪನಿಗೆ ಅಲ್ಲಿ ಬಟ್ಟೆ ಹೊಲಿಯುತ್ತಿದ್ದರು.

2020ರ ಜೂನ್‌ನಲ್ಲಿ ಆ ಕಾರ್ಖಾನೆ ಮುಚ್ಚಿತು. ಆರ್ಡರ್ ಇಲ್ಲ ಎಂದು ಕಂಪನಿ ಹೇಳಿತು. ನಮ್ಮಲ್ಲಿ ಸಂಘ ಇದೆ, ಅದಕ್ಕೇ ಮುಚ್ಚಿದರು ಎಂದು ಕಾರ್ಮಿಕರು ಹೇಳಿದರು. ಹೆಣ್ಣುಮಕ್ಕಳು ಗೇಟಿನ ಹತ್ತಿರ ಧರಣಿ ಕೂತರು. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ವಾರಗಟ್ಟಲೆ ಕೂತರು.

ಅವರ ಸಂಘ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್. ಇಂಡಸ್ಟ್ರಿಆಲ್ ಎಂಬ ಜಗತ್ತಿನ ಕಾರ್ಮಿಕ ಒಕ್ಕೂಟ ಇವರ ಬೆಂಬಲಕ್ಕೆ ನಿಂತಿತು. ಆ ಒಕ್ಕೂಟಕ್ಕೂ ಎಚ್ ಅಂಡ್ ಎಂ ಕಂಪನಿಗೂ 2015ರಲ್ಲೇ ಒಂದು ಒಪ್ಪಂದ ಆಗಿತ್ತು. ಸಂಘ ಕಟ್ಟುವ ಹಕ್ಕನ್ನು ಗೌರವಿಸುತ್ತೇವೆ ಎಂಬ ಮಾತು ಅದರಲ್ಲಿತ್ತು. ಆ ಕಾಗದವನ್ನು ಹಿಡಿದು ಕೇಳಿದರು.

ದಾರಿ ಸುಲಭ ಇರಲಿಲ್ಲ. ಕಾದು ಸೋತು ಎಷ್ಟೋ ಜನ ರಾಜೀನಾಮೆ ಬರೆದುಕೊಟ್ಟರು. ಕೊನೆಗೆ 2021ರ ಆರಂಭದಲ್ಲಿ ಗೋಕಲ್‌ದಾಸ್ ಕಂಪನಿ ಮತ್ತು ಸಂಘದ ನಡುವೆ ಒಪ್ಪಂದವಾಯಿತು. ಆ ಕೆಲಸಗಾರರಿಗೆ ಮತ್ತೆ ಕೆಲಸ ಕೊಡುತ್ತೇವೆ, ಸಂಘವನ್ನು ಒಪ್ಪುತ್ತೇವೆ ಎಂದು ಕಂಪನಿ ಬರೆದುಕೊಟ್ಟಿತು.

ನೋಡಿ, ಕಂಪನಿಗಳ ಸರಪಳಿ ಮೇಲಿನಿಂದ ಕೆಳಕ್ಕೆ ಬರುತ್ತದೆ. ಇವರು ಇನ್ನೊಂದು ಸರಪಳಿ ಕಟ್ಟಿದರು. ಅದು ಕೆಳಗಿನಿಂದ ಮೇಲಕ್ಕೆ ಹೋಯಿತು. ಕೆಲಸಗಾರರಿಂದ ಸಂಘಕ್ಕೆ. ಸಂಘದಿಂದ ಒಕ್ಕೂಟಕ್ಕೆ. ಒಕ್ಕೂಟದಿಂದ ಬಯ್ಯರ್‌ಗೆ.

ನಮ್ಮ ಸಂಘ ಏನು ಮಾಡಬಹುದು?

ನಿಮ್ಮ ಊರಿನಲ್ಲಿ ಸ್ತ್ರೀಶಕ್ತಿ ಸಂಘ ಇರಬಹುದು. ಯುವಕ ಸಂಘ ಇರಬಹುದು. ಕಾರ್ಖಾನೆಯಲ್ಲಿ ಕಾರ್ಮಿಕ ಸಂಘ ಇರಬಹುದು. ಈ ಎಲ್ಲ ಸಂಘಗಳೂ ಆ ಸರಪಳಿಗೆ ಕೊಂಡಿ ಆಗಬಹುದು.

1. ಬರೆದಿಡಿ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಕೆಲಸಕ್ಕೆ ಹೋದ ಹೊತ್ತು, ಬಿಟ್ಟ ಹೊತ್ತು ಬರೆಯಿರಿ. ಓಟಿ ಮಾಡಿದರೆ ಎಷ್ಟು ಗಂಟೆ ಎಂದು ಬರೆಯಿರಿ. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು ಎಂದು ಕಾನೂನು ಇದೆ. ಬರೆದಿಡದಿದ್ದರೆ ಕೇಳುವುದು ಹೇಗೆ?

2. ಸಂಬಳದ ಚೀಟಿ ಓದಿ. ಮೂಲ ವೇತನ ಎಷ್ಟು, ತುಟ್ಟಿಭತ್ಯೆ ಎಷ್ಟು, ಪಿಎಫ್, ಇಎಸ್ಐ ಎಂದು ಎಷ್ಟು ಹಿಡಿದಿದ್ದಾರೆ ನೋಡಿ. ಚೀಟಿಯನ್ನು ಬಿಸಾಡಬೇಡಿ. ಒಂದು ಚೀಲದಲ್ಲಿ ಹಾಕಿ ಪೆಟ್ಟಿಗೆಯಲ್ಲಿ ಇಡಿ.

3. ಪಟ್ಟಿ ಓದಿ. ಅಂಗಿಯ ಮೇಲೆ ಯಾರ ಹೆಸರಿದೆ? ಅಮೆರಿಕದಲ್ಲಿ ಮಾರುವ ಬಟ್ಟೆಯ ಪಟ್ಟಿಯಲ್ಲಿ ಅನೇಕ ಸಲ ಆರ್‌ಎನ್ ಎಂಬ ನಂಬರು ಇರುತ್ತದೆ. ಅದರಿಂದ ಕಂಪನಿ ಯಾವುದೆಂದು ತಿಳಿಯಬಹುದು. ಈಗ ಕೆಲವು ಬಯ್ಯರ್ ಕಂಪನಿಗಳು ತಮಗೆ ಮಾಲು ಕೊಡುವ ಕಾರ್ಖಾನೆಗಳ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಹಾಕಿವೆ. ಓದಿದ ಮಕ್ಕಳ ಕೈಲಿ ಹುಡುಕಿಸಿ. ಕಾರ್ಖಾನೆಯಿಂದ ಪಟ್ಟಿಯನ್ನಾಗಲಿ ಕಾಗದವನ್ನಾಗಲಿ ತರಬೇಡಿ. ಹೆಸರು ನೆನಪಿಟ್ಟುಕೊಂಡರೆ ಸಾಕು.

4. ಒಬ್ಬರೇ ಹೋಗಬೇಡಿ. ಒಂದೇ ತೊಂದರೆ ಎಷ್ಟು ಜನಕ್ಕೆ ಇದೆ ಎಂದು ಕೇಳಿ. ಒಟ್ಟಿಗೆ ಕೂತು ಅರ್ಜಿ ಬರೆಯಿರಿ. ಮೊದಲು ಕಾರ್ಖಾನೆಗೆ ಕೊಡಿ. ಒಂದು ಪ್ರತಿಗೆ ಸಹಿ, ಸೀಲು, ತಾರೀಕು ಹಾಕಿಸಿಕೊಳ್ಳಿ.

5. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಫೋನ್ ನಂಬರು 15100. ಮಗು ದುಡಿಯುವುದು ಕಂಡರೆ 1098ಕ್ಕೆ ಫೋನ್ ಮಾಡಿ.

6. ಮೇಲಿನ ಕೊಂಡಿಗೆ ತಿಳಿಸಿ. ಇದಕ್ಕೆ ಕಾರ್ಮಿಕ ಸಂಘದ ಅಥವಾ ತಿಳಿದ ಸಂಸ್ಥೆಯ ಸಹಾಯ ಪಡೆಯಿರಿ. ಬೆಂಗಳೂರಿನ ಸಿವಿಡೆಪ್ ಇಂಥ ವಿಷಯಗಳಲ್ಲೇ ಕೆಲಸ ಮಾಡುತ್ತಾ ಬಂದ ಸಂಸ್ಥೆ. ಇಂಥವರಿಗೆ ಬಯ್ಯರ್‌ನ ವಿಳಾಸವೂ ಗೊತ್ತು, ಭಾಷೆಯೂ ಗೊತ್ತು.

ಅರ್ಜಿ ಬರೆಯುವುದು ಹೇಗೆ? ಹೀಗೆ ಬರೆಯಿರಿ:

ಗೆ,
ವ್ಯವಸ್ಥಾಪಕರು,
(ಕಾರ್ಖಾನೆಯ ಹೆಸರು, ಊರು)

ಮಾನ್ಯರೇ,

ವಿಷಯ: ಓಟಿ ಹಣ ಬಾರದೆ ಇರುವ ಬಗ್ಗೆ.

ನಾವು ತಮ್ಮ ಕಾರ್ಖಾನೆಯ ಹೊಲಿಗೆ ವಿಭಾಗದ ಕೆಲಸಗಾರರು. ಕಳೆದ ತಿಂಗಳು 6 ದಿನ, ದಿನಕ್ಕೆ 2 ಗಂಟೆ ಹೆಚ್ಚು ಕೆಲಸ ಮಾಡಿದ್ದೇವೆ. ತಾರೀಕುಗಳನ್ನು ಕೆಳಗೆ ಬರೆದಿದ್ದೇವೆ. ಸಂಬಳದ ಚೀಟಿಯಲ್ಲಿ ಇದರ ಹಣ ಸೇರಿಲ್ಲ. ದಯವಿಟ್ಟು ಲೆಕ್ಕ ನೋಡಿ, ಬಾಕಿ ಹಣ ಕೊಡಬೇಕಾಗಿ ಕೋರುತ್ತೇವೆ. 15 ದಿನದ ಒಳಗೆ ಉತ್ತರ ಬರೆದು ತಿಳಿಸಬೇಕು.

ಇಂತಿ ತಮ್ಮ ವಿಶ್ವಾಸಿಗಳು
(ಎಲ್ಲರ ಸಹಿ, ತಾರೀಕು)

ಈ ಅರ್ಜಿಯಲ್ಲಿ ಬೈಗುಳ ಇಲ್ಲ. ಅಳು ಇಲ್ಲ. ತಾರೀಕು ಇದೆ, ಲೆಕ್ಕ ಇದೆ. ಮುಂದೆ ಬಯ್ಯರ್‌ಗೆ ತಿಳಿಸುವಾಗಲೂ ಇದೇ ಕಾಗದ ಬೇಕಾಗುತ್ತದೆ.

ಎರಡು ಎಚ್ಚರದ ಮಾತು

ಮೊದಲನೆಯದು: ಕಂಡದ್ದನ್ನು ಮಾತ್ರ ಬರೆಯಿರಿ. ಹತ್ತನ್ನು ನೂರು ಮಾಡಬೇಡಿ.

ಬೆಂಗಳೂರಿನಲ್ಲಿ ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಎಂಬ ಜೀನ್ಸ್ ಬಟ್ಟೆಯ ಕಂಪನಿ ಇತ್ತು. ನೆದರ್‌ಲ್ಯಾಂಡ್ಸ್ ದೇಶದ ಜಿ-ಸ್ಟಾರ್ ಅದರ ಬಯ್ಯರ್. ಅಲ್ಲಿ ಕೆಲಸಗಾರರಿಗೆ ತೊಂದರೆ ಇದೆ ಎಂದು ಇಲ್ಲಿನ ಸಂಘಟನೆಗಳು ಹೇಳಿದವು. ಕಂಪನಿ ಅದು ಸುಳ್ಳು ಎಂದು ಕೋರ್ಟಿಗೆ ಹೋಯಿತು. 2006ರಲ್ಲಿ ಕೋರ್ಟು, ಈ ವಿಷಯವನ್ನು ಹೊರಗೆ ಹೇಳಬಾರದು ಎಂದು ಆ ಸಂಘಟನೆಗಳಿಗೆ ತಡೆ ಹಾಕಿತು. ಆದರೆ ನೆದರ್‌ಲ್ಯಾಂಡ್ಸಿನ ಗೆಳೆಯ ಸಂಘಟನೆಗಳು ಮಾತು ಬಿಡಲಿಲ್ಲ. ಅವರ ಮೇಲೂ ಇಲ್ಲಿ ಕೇಸು ಆಯಿತು. 2008ರ ಜನವರಿಯಲ್ಲಿ ಆ ದೇಶದ ಮಾಜಿ ಪ್ರಧಾನಿ ರೂಡ್ ಲುಬರ್ಸ್ ನಡುವೆ ನಿಂತು ರಾಜಿ ಮಾಡಿಸಿದರು. ಕಂಪನಿ ಕೇಸುಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿತು. ಕಾರ್ಮಿಕರ ದೂರು ಕೇಳಲು ಒಬ್ಬ ಹೊರಗಿನವರನ್ನು ನೇಮಿಸಲು ತೀರ್ಮಾನವಾಯಿತು.

ಇದರಿಂದ ಏನು ತಿಳಿಯುತ್ತದೆ? ಮಾತಾಡಿದವರ ಮೇಲೆ ಕೇಸೂ ಆಗಬಹುದು. ಆಗ ಕೈ ಹಿಡಿಯುವುದು ನಿಜವಾದ ಕಾಗದ ಮತ್ತು ಜೊತೆಗಿರುವ ಜನ. ಯಾರ ಹೆಸರನ್ನೂ ಅವರ ಒಪ್ಪಿಗೆ ಇಲ್ಲದೆ ಬರೆಯಬೇಡಿ.

ಎರಡನೆಯದು: ಬಯ್ಯರ್‌ಗೆ ದೂರು ಕೊಟ್ಟರೆ ಕೆಲವು ಸಲ ಅವರು ಆರ್ಡರನ್ನೇ ನಿಲ್ಲಿಸಿ ಬೇರೆ ಕಡೆ ಹೋಗುತ್ತಾರೆ. ಆಗ ಇರುವ ಕೆಲಸವೂ ಹೋಗುತ್ತದೆ. ಅದಕ್ಕೆ "ಇಲ್ಲಿಂದ ಹೋಗಿ" ಎಂದು ಕೇಳಬಾರದು. "ಇಲ್ಲೇ ಇದ್ದು ಸರಿ ಮಾಡಿಸಿ" ಎಂದು ಕೇಳಬೇಕು. ಇದನ್ನು ಅರ್ಜಿಯಲ್ಲೇ ಬರೆಯಿರಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅಕ್ಕನ ನೋಟ್‌ಬುಕ್

ಆ ಅಕ್ಕ ಈಗಲೂ ಕೇಂದ್ರಕ್ಕೆ ಬರುತ್ತಾರೆ. ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಆ ಕಂಪನಿಯ ಹೆಸರನ್ನು ಕನ್ನಡದಲ್ಲಿ ಬರೆದಿದ್ದಾರೆ. ಅದರ ಕೆಳಗೆ ದಿನಾ ಎರಡು ಸಾಲು. ಹೋದ ಹೊತ್ತು, ಬಂದ ಹೊತ್ತು.

ಮೊನ್ನೆ ಲೈನಿನ ಇನ್ನೂ ನಾಲ್ಕು ಜನ ತಮ್ಮ ಸಂಬಳದ ಚೀಟಿ ತಂದು ಅವರ ಮುಂದೆ ಇಟ್ಟರು. ಅಕ್ಕ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಒಂದು ಕಡೆ ನಿಲ್ಲಿಸಿ, "ಇಲ್ನೋಡು, ನಿಂದ್ರಲ್ಲಿ ಓಟಿ ಬಿಟ್ಟೋಗೈತೆ" ಅಂದರು.

ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.

ಯೋಚಿಸಿ, ಮಾತಾಡಿ

1. ನೀವು ಮಾಡುವ ಕೆಲಸ ಯಾವ ಸರಪಳಿಗೆ ಸೇರಿದೆ? ನಿಮ್ಮ ಮೇಲೆ ಎಷ್ಟು ಕೊಂಡಿ ಇದೆ? ಬರೆದು ನೋಡಿ.

2. ನಿಮ್ಮ ಸಂಬಳದ ಚೀಟಿಯಲ್ಲಿ ತುಟ್ಟಿಭತ್ಯೆ ಎಷ್ಟಿದೆ? ಕಳೆದ ವರ್ಷ ಎಷ್ಟಿತ್ತು?

3. ತಿಂಗಳಿಗೆ 417 ರೂಪಾಯಿ 60 ಪೈಸೆ ಎಂದರೆ 20 ತಿಂಗಳಿಗೆ ಎಷ್ಟಾಗುತ್ತದೆ? ಲೆಕ್ಕ ಮಾಡಿ.

4. ಬಯ್ಯರ್ ಆರ್ಡರ್ ನಿಲ್ಲಿಸಿ ಹೋದರೆ ಯಾರಿಗೆ ನಷ್ಟ? ಹಾಗೆ ಆಗದಂತೆ ಹೇಗೆ ಕೇಳಬೇಕು?

5. ನಿಮ್ಮ ಸಂಘದವರು ಕೂತು ಒಂದು ಅರ್ಜಿ ಬರೆಯಿರಿ. ಒಬ್ಬರು ಓದಿ, ಉಳಿದವರು ಕೇಳಿ ತಿದ್ದಿ.